ಒಂದು ಕೈಯಲ್ಲಿ ಬೆತ್ತ, ಇನ್ನೊಂದರಲ್ಲಿ ಕೊಡೆ

ಕಣ್ಣು ಕಾಣದವರಿಗೆಂದು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮಾಡುವ ಕನ್ನಡಕ, ಬೆಲ್ಟು, ಟೊಪ್ಪಿಗಳ ಒಳಗುಟ್ಟು ಸರಳ. ನಮ್ಮ ಕಿವಿಗೆ ಕೇಳಿಸದ ಅಲ್ಟ್ರಾಸೋನಿಕ್ ಧ್ವನಿಯನ್ನು ಸೆನ್ಸರ್ ಮುಂದಕ್ಕೆ ಬಿಡುತ್ತದೆ. ಅದು ಎದುರಿನ ವಸ್ತುವಿಗೆ ತಾಗಿ ಮರಳಲು ಹಿಡಿದ ಸಮಯದಿಂದ ದೂರದ ಲೆಕ್ಕ ಸಿಗುತ್ತದೆ. ಅಡ್ಡಿ ಹತ್ತಿರವಿದ್ದರೆ ಪುಟ್ಟ ಮೋಟರು ಕಂಪಿಸುತ್ತದೆ. ತಂತ್ರದಲ್ಲಿ ದೋಷವಿಲ್ಲ. ಆದರೆ ಬಿಳಿ ಬೆತ್ತಕ್ಕೆ ಇದೇ ಬದಲಿ ಎಂದು ಹೊರಡುವ ಯೋಜನೆ ಅಲ್ಲೇ ಎಡವುತ್ತದೆ. ಮಂಗಳೂರಿನ ಮೋರ್ಗನ್ಸ್ ಗೇಟಿನಿಂದ ಜೆಪ್ಪು ಮಾರುಕಟ್ಟೆಯ ಕಡೆಗೆ ನಡೆಯುವಾಗ ಚರಂಡಿಯ ಒಂದು ಚಪ್ಪಡಿ ಇಲ್ಲವೆಂದುಕೊಳ್ಳಿ. ನೇರ ಮುಂದಕ್ಕೆ ನೋಡುವ ಸೆನ್ಸರಿನ ಪಾಲಿಗೆ ಅಲ್ಲಿ ಅಡ್ಡಿಯೇ ಇಲ್ಲ, ದಾರಿ ಸಲೀಸು. ಆ ಹೊಂಡ ಗೊತ್ತಾಗುವುದು ಬೆತ್ತದ ತುದಿಗೆ. ಬೆತ್ತಕ್ಕೆ ಸಿಗದೆ ಹೋಗುವುದು ಸೊಂಟದಿಂದ ಮೇಲಿನದು: ಬಗ್ಗಿದ ಕೊಂಬೆ, ಲಾರಿಯ ಹಿಂದೆ ಚಾಚಿದ ಕಬ್ಬಿಣದ ಸರಳು, ಅಂಗಡಿಯ ತಗಡಿನ ಮಾಡು. ಎದೆಗೋ ಹಣೆಗೋ ಕಟ್ಟುವ ಸಾಧನದ ಕೆಲಸ ಇಷ್ಟೇ ಇರಲಿ.

ದೆಹಲಿಯ ಐಐಟಿಯಲ್ಲಿ 2005ರ ಸುಮಾರಿಗೆ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿದ ‘ಸ್ಮಾರ್ಟ್‌ಕೇನ್’ ಈ ವಿವೇಕ ತೋರಿತು. ಬೆತ್ತವನ್ನು ಕಿತ್ತುಕೊಳ್ಳದೆ ಅದರ ಹಿಡಿಗೇ ಸಾಧನ ಜೋಡಿಸಿ, ಮೊಣಕಾಲಿನಿಂದ ಮೇಲಿರುವ ಅಡ್ಡಿಯನ್ನು ಸುಮಾರು 3 ಮೀಟರ್ ದೂರದಿಂದಲೇ ಕಂಪನದಲ್ಲಿ ತಿಳಿಸಿತು. ಹಾಗಾದರೆ ಮೈಮೇಲೆ ಧರಿಸುವ ಸಾಧನವೇಕೆ, ಈಗ ಮೊಬೈಲ್ ಫೋನೇ ಎಲ್ಲ ಓದಿ ಹೇಳುತ್ತದಲ್ಲ ಎಂದು ಕೇಳಬಹುದು. ಕೂತು ಓದುವುದಕ್ಕೆ ಫೋನು ಸಾಕು, ಒಪ್ಪಿದೆ. ಜೂನ್ ತಿಂಗಳ ಮಂಗಳೂರಿನಲ್ಲಿ ನಡೆಯುವವರಿಗೆ ಒಂದು ಕೈಯಲ್ಲಿ ಬೆತ್ತ, ಇನ್ನೊಂದರಲ್ಲಿ ಕೊಡೆ. ಫೋನು ಹಿಡಿಯಲು ಮೂರನೆಯ ಕೈ ಎಲ್ಲಿದೆ? ಕಿವಿಗೂ ಏನನ್ನೂ ತುರುಕುವಂತಿಲ್ಲ, ಬಸ್ಸು ಯಾವ ಕಡೆಯಿಂದ ಬರುತ್ತಿದೆ ಎಂದು ಹೇಳುವುದು ಆ ಕಿವಿಯೇ. (ಪ್ರಯೋಗಾಲಯದಲ್ಲಿ ಮಳೆ ಬರುವುದಿಲ್ಲ ಎಂಬುದನ್ನು ಯೋಜನಾ ವರದಿಗಳು ಮರೆಯುವುದುಂಟು.)

ಒಂದೇ ವರ್ಷದಲ್ಲಿ ಹುಡುಗರು ಇನ್ನೆಷ್ಟು ಮಾಡಿಯಾರು, ಇದು ಕಲಿಕೆಯಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಸ್ಮಾರ್ಟ್‌ಕೇನ್ ಬಿಡುಗಡೆಯಾದದ್ದೂ 2014ರಲ್ಲಿ. ಆದ್ದರಿಂದಲೇ ಒಂದು ಬ್ಯಾಚು ಬಿಟ್ಟಲ್ಲಿಂದ ಮುಂದಿನ ಬ್ಯಾಚು ಹಿಡಿಯಬೇಕು. ಪ್ರತಿ ವರ್ಷ ಹೊಸ ಶೀರ್ಷಿಕೆಯೇ ಬೇಕೆಂಬ ಹಟ ಇದಕ್ಕೆ ಅಡ್ಡಿ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ವಿದ್ಯಾರ್ಥಿ ಯೋಜನೆಗಳಿಗೆ ಹಣ ನೀಡುತ್ತದೆ. ಹಳೆಯದನ್ನು ಮುಂದುವರಿಸುವ ಅರ್ಜಿಗೆ ಅಲ್ಲಿ ಆದ್ಯತೆ ಸಿಗಲಿ. ನಮ್ಮ ಕಾಲೇಜುಗಳಲ್ಲಿ ನನ್ನ ವಿನಂತಿ ಒಂದೇ: ಯೋಜನೆಗೆ ಅಂಕ ಹಾಕುವವರಲ್ಲಿ ಬೆತ್ತ ಹಿಡಿದು ನಡೆಯುವ ಒಬ್ಬರಾದರೂ ಇರಲಿ, ಉಳಿದ ಪರೀಕ್ಷಕರಿಗೆ ಕೊಡುವ ಸಂಭಾವನೆ ಅವರಿಗೂ ಸಲ್ಲಲಿ.