ಪೊಲೀಸರ ಶಿಸ್ತು ವಿಚಾರಣೆ: ನಮಗೂ ಬಾಗಿಲಿದೆಯೆ?

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಹಬ್ಬದಂಥ ಈ ದಿನ ಪೊಲೀಸರ ಮಾತೇಕೆ ಎಂದು ತಾವು ಕೇಳಬಹುದು. ಜರ್ಮನಿಯ ರೈಲು ನಿಲ್ದಾಣಗಳಲ್ಲಿ ನಮ್ಮ ಮಕ್ಕಳನ್ನು ತಡೆದು ಗುರುತುಚೀಟಿ ಕೇಳುವುದು ನಮಗೆ ಹೊಸತಲ್ಲ. ಹೆಚ್ಚಿನ ಪೊಲೀಸರು ಸಭ್ಯರೇ. ಆದರೆ ಯಾರೋ ಒಬ್ಬರು ಮಿತಿ ಮೀರಿದರೆಂದು ದೂರು ಕೊಟ್ಟೆವೆನ್ನಿ, ಮುಂದೇನಾಯಿತೆಂದು ನಮಗೆ ತಿಳಿಯುವುದೆ?

ಬಹುಮಟ್ಟಿಗೆ ಇಲ್ಲ. ಮೇಲಧಿಕಾರಿಗೆ ಕೊಡುವ ದೂರಿನ ಬಗ್ಗೆ ಜರ್ಮನರಲ್ಲೇ ಒಂದು ಮಾತುಂಟು: ನಮೂನೆಯಿಲ್ಲ, ಗಡುವಿಲ್ಲ, ಫಲವೂ ಇಲ್ಲ. ಶಿಸ್ತು ಕ್ರಮವೆಂಬುದು ಇಲಾಖೆಗೂ ನೌಕರನಿಗೂ ನಡುವಿನ ವ್ಯವಹಾರ. ದೂರುದಾರ ಅಲ್ಲಿ ಹೆಚ್ಚೆಂದರೆ ಸಾಕ್ಷಿ. 2006ರಲ್ಲಿ ಜಾರಿಗೆ ಬಂದ ಕೇಂದ್ರದ ಮಾಹಿತಿ ಸ್ವಾತಂತ್ರ್ಯ ಕಾನೂನೂ ನೌಕರನ ಸೇವಾ ಕಡತವನ್ನು ನಮಗೆ ತೆರೆಯುವುದಿಲ್ಲ.

ನಿಲ್ದಾಣಗಳಲ್ಲಿರುವುದು ಕೇಂದ್ರ ಪೊಲೀಸು. ಅವರಲ್ಲೊಬ್ಬರನ್ನು ಶಿಸ್ತು ಕ್ರಮದಿಂದ ವಜಾ ಮಾಡಲು ಮೊದಲು ಸರ್ಕಾರವೇ ಆಡಳಿತ ನ್ಯಾಯಾಲಯಕ್ಕೆ ಹೋಗಬೇಕಿತ್ತು. 2024ರ ಏಪ್ರಿಲ್ 1ರಿಂದ ಇಲಾಖೆಯೇ ಆದೇಶ ಹೊರಡಿಸಬಹುದು; ನೌಕರ ದಾವೆ ಹೂಡಿದರೆ ಮಾತ್ರ ವಿಷಯ ನ್ಯಾಯಾಲಯದ ಬಹಿರಂಗ ಸಭೆಗೆ ಬರುತ್ತದೆ. ಬಾಡೆನ್-ವುರ್ಟೆಂಬರ್ಗ್ ರಾಜ್ಯ 2008ರಲ್ಲೇ ಈ ದಾರಿ ಹಿಡಿದಿತ್ತು. ಅಲ್ಲಿನ ಪೊಲೀಸನೊಬ್ಬನ ಪ್ರಕರಣದಲ್ಲಿ ಸಂವಿಧಾನ ನ್ಯಾಯಾಲಯ 2020ರಲ್ಲಿ ಅದನ್ನು ಎತ್ತಿಹಿಡಿಯಿತು. ತಪ್ಪಿತಸ್ಥರು ಬೇಗ ಹೊರಹೋಗುವುದು ಒಳ್ಳೆಯದೇ. ಆದರೆ ಕಾರಣಗಳು ಕಡತದಲ್ಲೇ ಉಳಿದರೆ ಜನರ ನಂಬಿಕೆ ಬೆಳೆಯುವುದೆಂತು?

ತಾಯ್ನಾಡಿನಲ್ಲೂ ಇದೇ ತೊಡಕು. ಪೊಲೀಸರ ಮೇಲಿನ ದೂರುಗಳಿಗೆ ಪ್ರತ್ಯೇಕ ಪ್ರಾಧಿಕಾರ ಬೇಕೆಂದು ಸುಪ್ರೀಂ ಕೋರ್ಟು 2006ರಲ್ಲಿ ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ ಆದೇಶಿಸಿತು. ಅದೇ ಕೋರ್ಟು 2012ರಲ್ಲಿ, ನೌಕರನಿಗೆ ಕೊಟ್ಟ ಮೆಮೊ, ನೋಟಿಸುಗಳು ಅವನ ವೈಯಕ್ತಿಕ ಮಾಹಿತಿ ಎಂದಿತು.

ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ನಡೆದದ್ದು ಅಪರಾಧವೆನಿಸಿದರೆ ಕ್ರಿಮಿನಲ್ ದೂರು ಕೊಡಬಹುದು. ತನಿಖೆ ಕೈಬಿಟ್ಟರೆ ಸರ್ಕಾರಿ ವಕೀಲರು ದೂರುದಾರರಿಗೆ ಕಾರಣ ತಿಳಿಸಬೇಕು; ನೊಂದವರು 2 ವಾರಗಳೊಳಗೆ ಆಕ್ಷೇಪ ಸಲ್ಲಿಸಬಹುದು. ಕೇಂದ್ರ ಪೊಲೀಸರ ವಿಷಯದಲ್ಲಿ, ಬುಂಡೆಸ್ಟಾಗ್ 2024ರಲ್ಲಿ ಮೊದಲ ಬಾರಿಗೆ ಆರಿಸಿದ ಪೊಲೀಸ್ ಆಯುಕ್ತರಿಗೆ ಬರೆಯಬಹುದು. ಸಂವಿಧಾನದ 17ನೆಯ ವಿಧಿ ಶಾಸನಸಭೆಗೆ ಅರ್ಜಿ ಬರೆಯುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಭಾರತದ ಪಾಸ್‌ಪೋರ್ಟು ಇರುವವರಿಗೂ.

ಅಂಥ ದಿನ ಬಂದರೆ ಸ್ಥಳ, ಸಮಯ, ಸಾಕ್ಷಿಗಳ ಹೆಸರು ಅಂದೇ ಬರೆದಿಡೋಣ. ಜರ್ಮನ್ ಬರವಣಿಗೆ ಬಲ್ಲ ನಮ್ಮ ಸದಸ್ಯರು ಹೊಸಬರಿಗೆ ಕಾಗದ ಬರೆಯಲು ನೆರವಾಗಲಿ. ನವೆಂಬರಿನ ಹಾಡು, ಊಟಗಳ ಜೊತೆ ಇದೂ ಸಂಘದ ಕೆಲಸವೆಂದು ನಾವು ಭಾವಿಸುತ್ತೇವೆ.