ಮಣ್ಣಿನ ತೇವ ಮತ್ತು ಹವಾಮಾನದ ಲೆಕ್ಕ



ಬೇಸಿಗೆಯಲ್ಲಿ ಸಯ್ಯಾಜಿರಾವ್ ರಸ್ತೆಯ ಬಿಸಿಲಿನಿಂದ ಕುಕ್ಕರಹಳ್ಳಿ ಕೆರೆಯ ಮರಗಳ ಕೆಳಗೆ ಬಂದರೆ ತಂಪೆನಿಸುತ್ತದೆ. ನೆರಳೊಂದೇ ಇದಕ್ಕೆ ಕಾರಣವಲ್ಲ. ಬೇರು ಹೀರಿದ ನೀರು ಎಲೆಗಳ ಸೂಕ್ಷ್ಮ ರಂಧ್ರಗಳಿಂದ ಆವಿಯಾಗಿ ಹೊರಬರುತ್ತದೆ. ಗಾಳಿಯನ್ನು ಕಾಯಿಸಬೇಕಾಗಿದ್ದ ಶಾಖ ಆ ಕೆಲಸಕ್ಕೆ ಖರ್ಚಾಗುತ್ತದೆ. ಆವಿ ಮುಂದೆ ಮೋಡಕ್ಕೂ ಒದಗುತ್ತದೆ.

ಹವಾಮಾನವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವವರು ಇದನ್ನು ಹೇಗೆ ಸೇರಿಸಿಕೊಳ್ಳುತ್ತಾರೆ? 1969ರಲ್ಲಿ ಸ್ಯುಕುರೊ ಮನಾಬೆ ಅವರು ನೆಲವನ್ನು 15 ಸೆಂ.ಮೀ. ನೀರು ಹಿಡಿಯುವ ಬಕೆಟ್ ಎಂದು ಭಾವಿಸಿದರು. ಮಳೆ ಬಂದರೆ ಅದು ತುಂಬುತ್ತದೆ, ಹೆಚ್ಚಾದದ್ದು ಹರಿದುಹೋಗುತ್ತದೆ, ಉಳಿದದ್ದು ಆವಿಯಾಗುತ್ತದೆ. ಹವಾಮಾನ ಮಾದರಿಗಳ ಕೆಲಸಕ್ಕಾಗಿ ಅವರಿಗೆ 2021ರಲ್ಲಿ ನೊಬೆಲ್ ಬಂತು. 1982ರಲ್ಲಿ ಭಾರತದಲ್ಲಿ ಹುಟ್ಟಿದ ಜಗದೀಶ್ ಶುಕ್ಲಾ ಅವರು ಯೇಲ್ ಮಿಂಟ್ಸ್ ಜೊತೆಗೂಡಿ, ನೆಲವೆಲ್ಲ ಒದ್ದೆಯಾಗಿದ್ದರೆ ಏನು, ಒಣಗಿದ್ದರೆ ಏನು ಎಂದು ಎರಡು ಲೆಕ್ಕ ಮಾಡಿದರು. ಮಳೆಯಲ್ಲೂ ಉಷ್ಣತೆಯಲ್ಲೂ ಭಾರಿ ವ್ಯತ್ಯಾಸ ಕಂಡಿತು. 1986ರಲ್ಲಿ ಪಿಯರ್ಸ್ ಸೆಲ್ಲರ್ಸ್ ಮತ್ತು ಸಂಗಡಿಗರು ಎಲೆ, ಬೇರುಗಳನ್ನೂ ಲೆಕ್ಕಕ್ಕೆ ತಂದರು.

ಆದರೆ ಬೇರು ಎಷ್ಟು ಆಳ? ಇದಕ್ಕೆ ಉತ್ತರ ನಮ್ಮ ನೆರೆಯಲ್ಲೇ ಇದೆ. ಬಂಡೀಪುರದ ಮೂಲೆಹೊಳೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಫ್ರಾನ್ಸಿನ ವಿಜ್ಞಾನಿಗಳೂ ಸುಮಾರು 4 ಚದರ ಕಿ.ಮೀ. ಕಾಡಿನ ನೀರಿನ ಲೆಕ್ಕವನ್ನು ವರ್ಷಗಟ್ಟಲೆ ಇಟ್ಟರು. ಬಿದ್ದ ಮಳೆಯ ಬಹುಪಾಲು ಹೊಳೆಗೆ ಹೋಗದೆ ಆವಿಯಾಗಿ ಆಕಾಶಕ್ಕೆ ಮರಳುತ್ತಿತ್ತು. ಮರಗಳು ಮೇಲ್ಮಣ್ಣಿನ ಕೆಳಗೆ, ಹಲವು ಮೀಟರ್ ಆಳದ ಶಿಥಿಲ ಕಲ್ಲಿನ ಪದರದಿಂದಲೂ ನೀರೆತ್ತುತ್ತಿದ್ದವು. 15 ಸೆಂ.ಮೀ. ಬಕೆಟ್ಟಿನಲ್ಲಿ ಈ ಕಾಡು ಹಿಡಿಸುವುದಿಲ್ಲ.

ಗುಂಡ್ಲುಪೇಟೆ ಬಳಿಯ ಬೇರಂಬಾಡಿಯ ಕಥೆ ಬೇರೆ. ಅಲ್ಲಿ ರೈತರು ಕೊಳವೆಬಾವಿಯಿಂದ ಹೊಲಕ್ಕೆ ನೀರು ಹಾಯಿಸುತ್ತಾರೆ, ಅಂತರ್ಜಲ ಕುಸಿದಿದೆ. ಮಳೆಯಿಲ್ಲದ ದಿನವೂ ಹೊಲ ಒದ್ದೆಯಾಗಿರಬಹುದು. ಮಳೆಯೊಂದನ್ನೇ ಎಣಿಸುವ ಮಾದರಿಗೆ ಇದು ತಿಳಿಯದು. 2009ರಲ್ಲಿ ಯುರೋಪು ಹಾರಿಸಿದ ಸ್ಮಾಸ್‌ನಂತಹ ಉಪಗ್ರಹಗಳು ತೇವವನ್ನು ಕಾಣುತ್ತವೆ ನಿಜ, ಆದರೆ ಮೇಲಿನ ಸುಮಾರು 5 ಸೆಂ.ಮೀ. ಮಾತ್ರ. ಆ ಅಳತೆ ಸರಿಯೇ ಎಂದು ನೋಡಲು ಬೇರಂಬಾಡಿಯ ಹೊಲಗಳಿಗೇ ಇಳಿದು ಮಣ್ಣಿನ ತೇವ ಅಳೆಯಬೇಕಾಯಿತು.

ವಿದ್ಯಾರ್ಥಿಗಳೇ, ಈ ಲೆಕ್ಕ ತಪ್ಪಿದರೆ ಬರದ ಮುನ್ಸೂಚನೆಯೂ ತಪ್ಪುತ್ತದೆ, ನಷ್ಟ ಬಿತ್ತಿದವನಿಗೆ. ಕಂಪ್ಯೂಟರ್ ಕಲಿಯಿರಿ, ಗಣಿತ ಕಲಿಯಿರಿ. ಜೊತೆಗೆ ಒಮ್ಮೆ ನಮ್ಮ ಸುತ್ತಲಿನ ಹೊಲಕ್ಕೆ ಹೋಗಿ, ಒಂದು ಅಡಿ ಅಗೆದು, ತೇವ ಎಲ್ಲಿಯವರೆಗೆ ಇದೆ ಎಂದು ಕೈಯಿಂದ ಮುಟ್ಟಿ ನೋಡಿರಿ. ಅಲ್ಲಿನ ರೈತನನ್ನೂ ಕೇಳಿರಿ.