ಅರಮನೆ ಎಲ್ಲಿದೆ?



ಗಂಗಾವತಿಯಲ್ಲಿ ನಾನು ಕನ್ನಡದ ಅಧ್ಯಾಪಕನಾಗಿದ್ದಾಗಿನ ಮಾತು. ವಿಜಯನಗರ ಕಾಲದ ಕಾವ್ಯವನ್ನು ಪಾಠಕ್ಕೆತ್ತಿಕೊಳ್ಳುವ ಮೊದಲು ಅಲ್ಲಿನ ಅರಮನೆಯನ್ನು ಬಣ್ಣಿಸುವುದು ನನ್ನ ರೂಢಿ. 1520ರ ಸುಮಾರಿಗೆ ಕೃಷ್ಣದೇವರಾಯನ ರಾಜಧಾನಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸ್, ದಂತದ ತಾವರೆಗಳಿಂದ ಅಲಂಕೃತವಾದ ಕೋಣೆಯೊಂದನ್ನು ವರ್ಣಿಸಿದ್ದಾನೆ. ಅದನ್ನು ನಾನು ಸ್ವತಃ ಕಂಡವನಂತೆ ಹೇಳುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸರ, ಆ ಅರಮನಿ ಈಗ ಎಲ್ಲೈತ್ರಿ?" ಎಂದ. ಹೊಳೆ ದಾಟಿದರೆ ಸಿಗುವ ಜಾಗ. ಆದರೆ ನಾನು ಹಂಪಿಗೆ ಹೋದಾಗಲೆಲ್ಲ ವಿರೂಪಾಕ್ಷನಿಗೆ ಕೈಮುಗಿದು ಹಿಂತಿರುಗಿದವನು. "ಸುಟ್ಟುಹೋಯಿತು, ಕೂತ್ಕೊ" ಎಂದು ಪಾಠ ಮುಂದುವರಿಸಿದೆ.

ಆ ಹುಡುಗ ಈಗ ಮನೆ ಕಟ್ಟುವ ಮೇಸ್ತ್ರಿ. ನನ್ನ ಮನೆಯ ಗೋಡೆ ದುರಸ್ತಿಗೆ ಬಂದಾಗ ಆ ಪ್ರಶ್ನೆಯನ್ನು ತಾನೇ ನೆನಪಿಸಿ, "ನಡ್ರಿ ಸರ, ನಾ ತೋರಸ್ತೀನಿ" ಎಂದ.

ಮೊದಲು ಆನೆಗೊಂದಿಗೆ ಹೋದೆವು. ಊರ ನಡುವೆ ಕಮಾನುಗಳ ಗಗನಮಹಲು ಇನ್ನೂ ನಿಂತಿದೆ. ಅಲ್ಲಿಂದ ಹರಿಗೋಲಿನಲ್ಲಿ ತುಂಗಭದ್ರೆಯನ್ನು ದಾಟಿ, ಆಟೋ ಹಿಡಿದು, ಮಹಾನವಮಿ ದಿಬ್ಬದ ಬಳಿಯ ಅರಮನೆಯ ಆವರಣವನ್ನು ತಲುಪಿದೆವು. ಅಲ್ಲಿ ಅರಮನೆಯಿಲ್ಲ; ಅರಮನೆಯ ಕಲ್ಲಿನ ಅಡಿಪಾಯವಿದೆ. ಮೇಲಿನ ಕಟ್ಟಡವೆಲ್ಲ ಮರದ್ದಾಗಿತ್ತೆಂದು ವಿದ್ವಾಂಸರ ಅಭಿಪ್ರಾಯ. ದೇವರ ಮನೆಯನ್ನು ಕಲ್ಲಿನಲ್ಲಿ ಕಟ್ಟಿಸಿದ ಅರಸರು ತಮ್ಮ ಮನೆಗೆ ಮರವನ್ನು ಬಳಸಿದರು. 1565ರ ರಕ್ಕಸತಂಗಡಿಯ ಸೋಲಿನ ಬಳಿಕ ಊರು ಸೂರೆಹೋದಾಗ ಬೆಂಕಿಗೆ ಆಹುತಿಯಾದದ್ದು ಆ ಮರ. ನನ್ನ ಹಳೆಯ ಉತ್ತರ ಸುಳ್ಳೇನೂ ಆಗಿರಲಿಲ್ಲ; ಅದು ಅರ್ಧ ಉತ್ತರವಾಗಿತ್ತು.

ಉಳಿದರ್ಧವನ್ನು ತೋರಿಸಲು ಮೇಸ್ತ್ರಿ ನನ್ನನ್ನು ಮೆಟ್ಟಿಲುಗಳ ಪುಷ್ಕರಿಣಿಯ ಅಂಚಿಗೆ ಕರೆದೊಯ್ದ. 1980ರ ದಶಕದ ಉತ್ಖನನದಲ್ಲಿ ಬೆಳಕಿಗೆ ಬಂದ ಕಪ್ಪು ಕಲ್ಲಿನ ಕೊಳವದು. ನೀರು ತರುತ್ತಿದ್ದ ಕಲ್ಲಿನ ದೋಣಿಗಳ ಸಾಲು ಪಕ್ಕದಲ್ಲೇ ಇದೆ. ಕಲ್ಲುಗಳ ಮೇಲೆ ಕನ್ನಡದ ಅಕ್ಷರಗಳು! ಶಾಸನವೆಂದುಕೊಂಡು ಬಾಗಿ ಓದಿದೆ. ಪದವಾಗಲಿಲ್ಲ, ಅರ್ಥವೂ ಆಗಲಿಲ್ಲ. ಹಳಗನ್ನಡದ ಬಿಗಿಯಾದ ಪದ್ಯಗಳನ್ನು ಬಿಡಿಸಿ ಹೇಳಿದ ನಾನು ಸುಮ್ಮನೆ ನಿಂತೆ.

"ಸರ, ಇದು ಓದಾಕಲ್ರಿ, ಜೋಡ್ಸಾಕ. ಯಾವ ದಿಕ್ಕು, ಯಾವ ಸಾಲು, ಎಷ್ಟನೇ ಕಲ್ಲು ಅಂತ ಗುರ್ತು. ಬ್ಯಾರೆ ಕಡೆ ಕಡದು ತಂದು ಇಲ್ಲಿ ಕೂಡ್ಸ್ಯಾರ. ನಾವೂ ಬಾಗಲ ಚೌಕಟ್ಟಿಗೆ ಹಿಂಗ ಗುರ್ತು ಹಾಕ್ತೀವ್ರಿ" ಎಂದ ಅವನು.

ಮಿತ್ರರೆ, ಬದುಕಿಡೀ ನಾನು ಅರಮನೆಯ ಕನ್ನಡವನ್ನು ಕವಿಗಳ ಬಾಯಲ್ಲಿ ಹುಡುಕಿದವನು. ಹೆಸರನ್ನೂ ಉಳಿಸಿಹೋಗದ ಕಲ್ಲುಕುಟಿಗರು ಕೆಲಸಕ್ಕಾಗಿ ಬರೆದ ಕನ್ನಡವೊಂದು ಅಲ್ಲಿತ್ತು. ಅದನ್ನು ನನಗೆ ಓದಿಸಲು, ನಾನು ಗದರಿಸಿ ಕೂರಿಸಿದ್ದ ವಿದ್ಯಾರ್ಥಿಯೇ ಬರಬೇಕಾಯಿತು.

ಹಿಂತಿರುಗುವಾಗ ಹರಿಗೋಲಿನಲ್ಲಿ ಅವನೊಡನೆ, "ಅಂದು ನಿನ್ನ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲಪ್ಪ" ಎಂದೆ. ಅವನು ನಕ್ಕು, "ಇರ್ಲಿ ಬಿಡ್ರಿ ಸರ, ಈಗ ಇಬ್ರೂ ನೋಡೇವಲ್ಲ" ಎಂದ.